ಸೀಸ, ತಾಮ್ರ ಮತ್ತು ನಲ್ಲಿಯ ನೀರು: ಪರೀಕ್ಷೆ ಆರಂಭವಾಗುವುದು ಬಾಟಲಿ ತುಂಬುವಲ್ಲಿ

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ, ಲೋಹಗಳನ್ನು ಅಳೆಯುವ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಇಲ್ಲಿ ಹಳೆಯ ಮನೆಗಳನ್ನು ಕೊಂಡಿರುವ ಕನ್ನಡಿಗ ಸ್ನೇಹಿತರೂ, ಮೈಸೂರು, ಬೆಂಗಳೂರುಗಳಲ್ಲಿರುವ ಬಂಧುಗಳೂ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ನಲ್ಲಿಯ ನೀರಿನಲ್ಲಿ ಸೀಸವಿದೆಯೇ ಎಂದು ತಿಳಿಯಲು ಯಾವ ಕಿಟ್ ಒಳ್ಳೆಯದು, ಯಾವ ಯಂತ್ರ ನಂಬಿಕೆಗೆ ಅರ್ಹ? ನಾನು ಅವರಿಗೆ ಮರುಪ್ರಶ್ನೆ ಹಾಕುತ್ತೇನೆ. ಬಾಟಲಿಯನ್ನು ಯಾವ ನಲ್ಲಿಯಿಂದ, ದಿನದ ಯಾವ ಹೊತ್ತಿನಲ್ಲಿ, ನೀರು ಕೊಳವೆಯಲ್ಲಿ ಎಷ್ಟು ಗಂಟೆ ನಿಂತಿದ್ದ ಮೇಲೆ ತುಂಬಿಸಲಿದ್ದೀರಿ? ಒಂದೇ ಮನೆಯ ಒಂದೇ ನಲ್ಲಿಯಿಂದ ಒಂದೇ ದಿನ ತೆಗೆದ ಎರಡು ಬಾಟಲಿಗಳಲ್ಲಿ ಸೀಸದ ಪ್ರಮಾಣ ಹತ್ತು ಪಟ್ಟು ಬೇರೆಯಾಗಿರಬಹುದು, ಮತ್ತು ಯಂತ್ರ ಆ ಎರಡನ್ನೂ ಸರಿಯಾಗಿಯೇ ಅಳೆದಿರುತ್ತದೆ. ಆದ್ದರಿಂದ ಬಾಟಲಿ ತುಂಬಿದ ವಿವರವಿಲ್ಲದ ಸೀಸದ ವರದಿಗೆ ನಾನು ಹೆಚ್ಚಿನ ಬೆಲೆ ಕೊಡುವುದಿಲ್ಲ.

ಇದಕ್ಕೆ ಕಾರಣ ಸೀಸ ಮತ್ತು ತಾಮ್ರಗಳು ನೀರನ್ನು ಸೇರುವ ಬಗೆಯಲ್ಲಿದೆ. ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಮುಂತಾದವು ಮೂಲದ ನೀರಿನಲ್ಲಿಯೇ ಬರುತ್ತವೆಯಾದ್ದರಿಂದ ಕೊಳವೆಬಾವಿಯ ಬಳಿ ತೆಗೆದ ಮಾದರಿಗೂ ಅಡುಗೆಮನೆಯಲ್ಲಿ ತೆಗೆದ ಮಾದರಿಗೂ ಅಂಥ ವ್ಯತ್ಯಾಸವಿರುವುದಿಲ್ಲ. ಸೀಸ, ತಾಮ್ರಗಳು ಹಾಗಲ್ಲ. ಶುದ್ಧೀಕರಣ ಘಟಕವನ್ನು ಬಿಡುವಾಗ ನೀರಿನಲ್ಲಿ ಅವು ಸಾಮಾನ್ಯವಾಗಿ ಇರುವುದೇ ಇಲ್ಲ. ರಸ್ತೆಯ ಮುಖ್ಯ ಕೊಳವೆಯಿಂದ ಮನೆಗೆ ಬರುವ ಸಂಪರ್ಕ ಕೊಳವೆ ಸೀಸದ್ದಾಗಿದ್ದರೆ, ತಾಮ್ರದ ಕೊಳವೆಗಳ ಕೀಲುಗಳಿಗೆ ಸೀಸದ ಬೆಸುಗೆ ಹಾಕಿದ್ದರೆ, ನಲ್ಲಿಯ ಅಥವಾ ವಾಲ್ವಿನ ಹಿತ್ತಾಳೆಯಲ್ಲಿ ಸೀಸ ಬೆರೆತಿದ್ದರೆ, ನೀರು ಅವುಗಳನ್ನು ತಾಗಿ ನಿಂತಷ್ಟು ಹೊತ್ತು ಲೋಹ ಕರಗುತ್ತದೆ. ಮಾಲಿನ್ಯದ ಮೂಲ ಮನೆಯ ಕೊನೆಯ ಕೆಲವು ಮೀಟರುಗಳಲ್ಲಿರುವುದರಿಂದ, ನಗರದ ಜಲಮಂಡಳಿಯ ವಾರ್ಷಿಕ ವರದಿಯನ್ನು ಓದಿ ನಮ್ಮ ಮನೆಯ ನೀರಿನ ಬಗ್ಗೆ ತೀರ್ಮಾನಕ್ಕೆ ಬರಲಾಗುವುದಿಲ್ಲ.

ಅಮೆರಿಕದಲ್ಲಿ ಈ ಪರೀಕ್ಷೆಗೆ ಚೌಕಟ್ಟು ಹಾಕಿದ್ದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ 1991ರಲ್ಲಿ ಹೊರಡಿಸಿದ ಸೀಸ ಮತ್ತು ತಾಮ್ರ ನಿಯಮ. ಕನಿಷ್ಠ 6 ಗಂಟೆ ಯಾರೂ ನೀರು ಬಳಸದೆ ಕೊಳವೆಯಲ್ಲಿ ನಿಂತ ಮೇಲೆ, ಅಡುಗೆಮನೆಯ ಅಥವಾ ಸ್ನಾನದ ಮನೆಯ ತಣ್ಣೀರಿನ ನಲ್ಲಿಯನ್ನು ತಿರುಗಿಸಿದಾಗ ಬರುವ ಮೊದಲ ಒಂದು ಲೀಟರನ್ನು, ಒಂದು ಹನಿಯನ್ನೂ ಚೆಲ್ಲದೆ, ಹಿಡಿಯಬೇಕು. ಸೀಸದ ಕೊಳವೆ ಅಥವಾ ಸೀಸದ ಬೆಸುಗೆ ಇರುವ, ಅಂದರೆ ಹೆಚ್ಚು ಅಪಾಯದ ಮನೆಗಳನ್ನೇ ಇದಕ್ಕೆ ಆರಿಸಬೇಕು. ಹೀಗೆ ಬಂದ ಫಲಿತಾಂಶಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಶೇಕಡಾ 90ನೇ ಸ್ಥಾನದಲ್ಲಿ ನಿಲ್ಲುವ ಅಂಕಿ ಸೀಸಕ್ಕೆ 15 ಪಿಪಿಬಿ, ಅಂದರೆ ಲೀಟರಿಗೆ 15 ಮೈಕ್ರೋಗ್ರಾಂ, ತಾಮ್ರಕ್ಕೆ ಲೀಟರಿಗೆ 1.3 ಮಿಲಿಗ್ರಾಂ ಮೀರಿದರೆ ನೀರು ಪೂರೈಕೆದಾರರು ಕ್ರಮ ಕೈಗೊಳ್ಳಬೇಕು. 60 ಮನೆಗಳ ಮಾದರಿ ಇದ್ದರೆ ಕೆಳಗಿನಿಂದ 54ನೆಯದು ಆ ನಿರ್ಣಾಯಕ ಅಂಕಿ. ಅದರ ಮೇಲಿರುವ ಆರು ಮನೆಗಳಲ್ಲಿ ಸೀಸ ಎಷ್ಟೇ ಇದ್ದರೂ ಊರು ನಿಯಮದೊಳಗೇ ಇದೆ ಎಂದು ಘೋಷಿಸಲು ಅಡ್ಡಿಯಿಲ್ಲ. ಇದು ಊರಿನ ಕೊಳವೆಜಾಲದಲ್ಲಿ ಲೋಹದ ಸವೆತ ಹತೋಟಿಯಲ್ಲಿದೆಯೇ ಎಂದು ನೋಡುವ ಅಳತೆ. ಮಗುವಿಗೆ ಹಾಲುಪುಡಿ ಕಲಸಿ ಕೊಡುವ ಒಬ್ಬ ತಾಯಿಯ ಮನೆಯ ನೀರಿನ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ. ಆರೋಗ್ಯದ ದೃಷ್ಟಿಯಿಂದ ಸೀಸಕ್ಕೆ ಇಪಿಎ ಇಟ್ಟಿರುವ ಗುರಿ ಸೊನ್ನೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮಕ್ಕಳ ಮಿದುಳಿಗೆ ಹಾನಿ ಮಾಡದ ಸೀಸದ ಮಟ್ಟವೆಂಬುದು ಇದುವರೆಗೆ ಕಂಡುಬಂದಿಲ್ಲ.

ಬಾಟಲಿ ತುಂಬುವ ಕ್ರಮದಲ್ಲಿ ಎಷ್ಟು ಅನ್ಯಾಯ ಅಡಗಿರಬಲ್ಲದು ಎಂಬುದನ್ನು ಮಿಷಿಗನ್ ರಾಜ್ಯದ ಫ್ಲಿಂಟ್ ನಗರ ಜಗತ್ತಿಗೆ ತೋರಿಸಿತು. 2014ರ ಏಪ್ರಿಲ್‌ನಲ್ಲಿ ಆ ನಗರ ಡೆಟ್ರಾಯಿಟಿನಿಂದ ಬರುತ್ತಿದ್ದ ಹ್ಯೂರಾನ್ ಸರೋವರದ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರಿಗೆ ಬದಲಾಯಿತು. ಹಳೆಯ ನೀರಿನಲ್ಲಿದ್ದ ಆರ್ಥೋಫಾಸ್ಫೇಟ್ ಎಂಬ ಲವಣ ಕೊಳವೆಗಳ ಒಳಗೋಡೆಯ ಮೇಲೆ ಸುಲಭವಾಗಿ ಕರಗದ ಪದರವನ್ನು ಕಟ್ಟಿ ಸೀಸವನ್ನು ಹಿಡಿದಿಟ್ಟಿತ್ತು. ಹೊಸ ನೀರಿಗೆ ಅದನ್ನು ಸೇರಿಸಲೇ ಇಲ್ಲ. ಲೀಆನ್ ವಾಲ್ಟರ್ಸ್ ಎಂಬ ಗೃಹಿಣಿಯ ಮನೆಯಲ್ಲಿ 2015ರ ಫೆಬ್ರವರಿಯಲ್ಲಿ 104 ಪಿಪಿಬಿ, ಮುಂದಿನ ತಿಂಗಳು 397 ಪಿಪಿಬಿ ಸೀಸ ಕಂಡುಬಂತು. ಅದೇ ವಸಂತದಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಮಾರ್ಕ್ ಎಡ್ವರ್ಡ್ಸ್ ಅವರ ತಂಡ ಆ ಮನೆಯ 30 ಮಾದರಿಗಳನ್ನು ಪರೀಕ್ಷಿಸಿದಾಗ ಸರಾಸರಿ 2,000 ಪಿಪಿಬಿ ದಾಟಿತ್ತು, ಅತಿ ಹೆಚ್ಚಿನ ಮಾದರಿಯಲ್ಲಿ 13,200 ಪಿಪಿಬಿ ಇತ್ತು. ತ್ಯಾಜ್ಯವೊಂದರಿಂದ ಸೋರುವ ದ್ರವದಲ್ಲಿ ಸೀಸ 5,000 ಪಿಪಿಬಿ ಮುಟ್ಟಿದರೆ ಅಮೆರಿಕದ ನಿಯಮಗಳ ಪ್ರಕಾರ ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಬೇಕು. ಅವರ ಮನೆಯೊಳಗಿನ ಕೊಳವೆಗಳು ಪ್ಲಾಸ್ಟಿಕ್ಕಿನವು. ಸೀಸ ಬರುತ್ತಿದ್ದುದು ರಸ್ತೆಯಿಂದ ಮನೆಗೆ ಬರುವ ಸಂಪರ್ಕ ಕೊಳವೆಯಿಂದ.

ಇಷ್ಟಾದರೂ ನಗರದ ಅಧಿಕೃತ ಪರೀಕ್ಷೆಗಳು ನೀರು ಮಿತಿಯೊಳಗಿದೆ ಎಂದೇ ಹೇಳುತ್ತಿದ್ದವು. ಹೇಗೆ? ಮಾದರಿ ತೆಗೆಯುವ ಹಿಂದಿನ ರಾತ್ರಿ ಕೆಲವು ನಿಮಿಷಗಳ ಕಾಲ ನಲ್ಲಿಯನ್ನು ಪೂರ್ತಿ ಬಿಟ್ಟು ನೀರು ಹರಿಸಿ, ಆಮೇಲೆ ನಿಲ್ಲಿಸಿ ಎಂದು ನಿವಾಸಿಗಳಿಗೆ ಸೂಚನೆ ಕೊಡಲಾಗಿತ್ತು. ಹೀಗೆ ಮಾಡಿದಾಗ ಕೊಳವೆಯಲ್ಲಿ ಕೂಡಿಕೊಂಡ ಸೀಸದ ಕಣಗಳು ರಾತ್ರಿಯೇ ಚರಂಡಿ ಸೇರುತ್ತವೆ. ಕೊಟ್ಟ ಬಾಟಲಿಗಳ ಬಾಯಿ ಕಿರಿದಾಗಿದ್ದುದರಿಂದ ಜನ ನಲ್ಲಿಯನ್ನು ಸಣ್ಣಗೆ ಬಿಟ್ಟು ತುಂಬಿಸಬೇಕಾಗುತ್ತಿತ್ತು. ರಭಸವಿಲ್ಲದ ನೀರು ಗೋಡೆಗೆ ಅಂಟಿದ ಕಣಗಳನ್ನು ಕಿತ್ತು ತರುವುದಿಲ್ಲ. ಇವುಗಳ ಮೇಲೆ, 71 ಮಾದರಿಗಳ ಪೈಕಿ ಎರಡನ್ನು ಲೆಕ್ಕದಿಂದ ಕೈಬಿಡಲಾಯಿತು. ಅವುಗಳಲ್ಲಿ ಒಂದು ವಾಲ್ಟರ್ಸ್ ಅವರ ಮನೆಯ 104. ಆ ಎರಡು ಹೋದ ಮೇಲೆ ಊರಿನ ಅಂಕಿ 15ರ ಕೆಳಗಿಳಿದು 11 ಆಯಿತು. ವರ್ಜೀನಿಯಾ ಟೆಕ್ ತಂಡ 2015ರ ಆಗಸ್ಟ್‌ನಲ್ಲಿ 300 ಕಿಟ್‌ಗಳನ್ನು ನಿವಾಸಿಗಳಿಗೆ ನೇರವಾಗಿ ಹಂಚಿತು. ಪ್ರತಿ ಕಿಟ್‌ನಲ್ಲಿ ಮೂರು ಬಾಟಲಿಗಳು: ನಿಂತ ನೀರಿನ ಮೊದಲ ಲೀಟರಿಗೆ ಒಂದು, 45 ಸೆಕೆಂಡು ಹರಿಸಿದ ಮೇಲೆ ತೆಗೆಯಲು ಅರ್ಧ ಲೀಟರಿನದು, ಎರಡು ನಿಮಿಷ ಹರಿಸಿದ ಮೇಲೆ ತುಂಬಿಸಲು ಸಣ್ಣದೊಂದು. ಅಧಿಕೃತ ಪರೀಕ್ಷೆಗೆ ನಿಯಮ ಹೇಳುವಂತೆ ಹೆಚ್ಚು ಅಪಾಯದ ಮನೆಗಳನ್ನೇ ಆರಿಸದಿದ್ದರೂ ಅವರ ಶೇಕಡಾ 90ನೇ ಸ್ಥಾನದ ಅಂಕಿ ಸುಮಾರು 27 ಪಿಪಿಬಿಗೆ ನಿಂತಿತು. ಎರಡೂ ಕಡೆ ನೀರು ಅದೇ, ಕೊಳವೆಗಳು ಅವೇ. ಬೇರೆಯಾಗಿದ್ದುದು ಬಾಟಲಿ ತುಂಬಿದ ರೀತಿ ಮತ್ತು ಮಾದರಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ರೀತಿ. 2016ರ ಫೆಬ್ರವರಿಯಲ್ಲಿ ಇಪಿಎ ಹೊಸ ಸೂಚನೆ ಹೊರಡಿಸಿ, ಹಿಂದಿನ ರಾತ್ರಿ ನೀರು ಹರಿಸಬೇಡಿ, ನಲ್ಲಿಯ ತುದಿಯ ಜಾಲರಿಯನ್ನು ಬಿಚ್ಚಬೇಡಿ, ಅಗಲ ಬಾಯಿಯ ಬಾಟಲಿಯನ್ನೇ ಬಳಸಿ ಎಂದು ತಿಳಿಸಿತು. ಈ ಮೂರು ಮಾತುಗಳನ್ನು ಎಲ್ಲಿಯ ಓದುಗರಾದರೂ ನೆನಪಿನಲ್ಲಿಡಬೇಕೆಂದು ನಾನು ಬಯಸುತ್ತೇನೆ.

ಮೊದಲ ಲೀಟರೊಂದೇ ಸಾಲದು ಎಂಬುದಕ್ಕೆ ಸರಳವಾದ ಲೆಕ್ಕವಿದೆ. ಅರ್ಧ ಇಂಚಿನ ತಾಮ್ರದ ಕೊಳವೆಯ ಒಂದು ಅಡಿ ಉದ್ದದಲ್ಲಿ ಸುಮಾರು 45 ಮಿಲಿಲೀಟರ್ ನೀರು ಹಿಡಿಯುತ್ತದೆ. ಅಂದರೆ ಮೊದಲ ಲೀಟರ್ ಎಂಬುದು ನಲ್ಲಿಯಿಂದ ಹಿಂದಕ್ಕೆ ಸುಮಾರು 22 ಅಡಿ ಕೊಳವೆಯೊಳಗೆ ನಿಂತಿದ್ದ ನೀರು. ಮುಕ್ಕಾಲು ಇಂಚಿನ ಕೊಳವೆಯಾದರೆ ಹತ್ತು ಹನ್ನೊಂದು ಅಡಿ. ರಸ್ತೆಯ ಕಡೆಯ ಸೀಸದ ಕೊಳವೆಯಲ್ಲಿ ರಾತ್ರಿಯಿಡೀ ನಿಂತ ನೀರು ನಾಲ್ಕನೆಯ, ಐದನೆಯ ಅಥವಾ ಇನ್ನೂ ಮುಂದಿನ ಲೀಟರಿನಲ್ಲಿ ಬರುತ್ತದೆ. ಆದ್ದರಿಂದಲೇ 2024ರ ಅಕ್ಟೋಬರಿನಲ್ಲಿ ಅಂತಿಮಗೊಳಿಸಿದ ತಿದ್ದುಪಡಿಯಲ್ಲಿ ಇಪಿಎ, ಸೀಸದ ಸಂಪರ್ಕ ಕೊಳವೆ ಇರುವ ಮನೆಗಳಲ್ಲಿ ಮೊದಲನೆಯ ಮತ್ತು ಐದನೆಯ ಲೀಟರುಗಳೆರಡನ್ನೂ ಅಳೆದು ಹೆಚ್ಚಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದಿತು. ಸೀಸದ ಮಿತಿಯನ್ನೂ 15ರಿಂದ 10 ಪಿಪಿಬಿಗೆ ಇಳಿಸಿತು. ಕೆನಡಾದ ಆರೋಗ್ಯ ಇಲಾಖೆಯದು ಬೇರೆಯೇ ದಾರಿ. ಅಲ್ಲಿ ಹಗಲಿನ ಯಾವುದೋ ಹೊತ್ತಿನಲ್ಲಿ, ಮುಂಚೆ ನೀರು ಹರಿಸದೆ ಒಂದು ಲೀಟರ್ ತೆಗೆಯುವುದು ಒಂದು ಕ್ರಮ. ಐದು ನಿಮಿಷ ಹರಿಸಿ, 30 ನಿಮಿಷ ನಿಲ್ಲಿಸಿ, ಆಮೇಲೆ ಎರಡು ಲೀಟರುಗಳನ್ನು ಪ್ರತ್ಯೇಕವಾಗಿ ಹಿಡಿಯುವುದು ಇನ್ನೊಂದು ಕ್ರಮ. ಜನ ದಿನವೂ ನಿಜವಾಗಿ ಕುಡಿಯುವ ನೀರನ್ನು ಇವು ಹೆಚ್ಚು ಚೆನ್ನಾಗಿ ಪ್ರತಿನಿಧಿಸುತ್ತವೆ.

ಮನೆಯೊಂದರ ನಿಜಸ್ಥಿತಿ ತಿಳಿಯಬೇಕಾದರೆ ನನಗೆ ಎಲ್ಲಕ್ಕಿಂತ ಹಿಡಿಸುವುದು ಸಾಲು ಮಾದರಿಗಳ ವಿಧಾನ. ರಾತ್ರಿ ನೀರು ನಿಂತ ಮೇಲೆ ಬೆಳಿಗ್ಗೆ ನಲ್ಲಿಯನ್ನು ಒಮ್ಮೆ ತಿರುಗಿಸಿ, ನಡುವೆ ಎಲ್ಲಿಯೂ ನಿಲ್ಲಿಸದೆ, ಒಂದರ ಹಿಂದೆ ಒಂದರಂತೆ ಹತ್ತು ಹದಿನೈದು ಬಾಟಲಿಗಳನ್ನು ತುಂಬಿಸಿ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಅಳೆಯುವುದು. ಮೊದಲ ಬಾಟಲಿಯಲ್ಲಿ ಹೆಚ್ಚಿದ್ದು ಆಮೇಲೆ ತಟ್ಟನೆ ಇಳಿದರೆ ತೊಂದರೆ ನಲ್ಲಿಯದು ಅಥವಾ ಅದರ ಹತ್ತಿರದ ಬೆಸುಗೆಯದು. ನಡುವಿನ ಬಾಟಲಿಗಳಲ್ಲಿ ಏರಿ, ಅಲ್ಲಿಯೇ ಸ್ವಲ್ಪ ನಿಂತು, ನಂತರ ಇಳಿದರೆ ಸೀಸದ ಸಂಪರ್ಕ ಕೊಳವೆ ಇದೆ ಎಂದು ಬಹುಮಟ್ಟಿಗೆ ಹೇಳಬಹುದು. ಏರಿಕೆ ಎಷ್ಟನೆಯ ಲೀಟರಿನಲ್ಲಿ ಶುರುವಾಯಿತು ಎಂಬುದರಿಂದ ಕೊಳವೆ ಎಷ್ಟು ದೂರದಲ್ಲಿದೆ ಎಂಬುದನ್ನೂ ಲೆಕ್ಕ ಹಾಕಬಹುದು. ಎಲ್ಲ ಬಾಟಲಿಗಳೂ ಕಡಿಮೆಯಿದ್ದು ಯಾವುದೋ ಒಂದರಲ್ಲಿ ಮಾತ್ರ ಅಂಕಿ ನೂರು ದಾಟಿದರೆ ಅದು ಕಳಚಿಬಂದ ಕಣ. ಅಂಥ ಅಂಕಿಯನ್ನು ಅಳತೆಯ ದೋಷವೆಂದು ತಳ್ಳಿಹಾಕುವ ಚಾಳಿ ನಮ್ಮ ವೃತ್ತಿಯಲ್ಲಿ ಇದೆ, ಮತ್ತು ಅದು ತಪ್ಪು. ಆ ಲೋಟದ ನೀರನ್ನು ಯಾರಾದರೂ ಕುಡಿದೇ ಕುಡಿಯುತ್ತಿದ್ದರು.

ಸಾಲು ಮಾದರಿಗಳಿಗೆ ಖರ್ಚು ಹೆಚ್ಚು. ಅದಕ್ಕೆ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಮಾಡಿಕೊಳ್ಳಬಹುದು. ನೆಲಮಾಳಿಗೆಯಲ್ಲಿ ನೀರಿನ ಮೀಟರಿಗೆ ಬರುವ ಕೊಳವೆಯನ್ನು ನಾಣ್ಯದ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ಲೋಹ ಮೆತ್ತಗಿದ್ದು, ಕೆರೆದ ಜಾಗ ಬೆಳ್ಳಿಯಂತೆ ಹೊಳೆದು, ಅಯಸ್ಕಾಂತ ಅಂಟದಿದ್ದರೆ ಅದು ಸೀಸ. ಕೆಂಪಗೆ ಕಂಡರೆ ತಾಮ್ರ. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಸತು ಲೇಪಿಸಿದ ಕಬ್ಬಿಣ. ಈ ಕಬ್ಬಿಣದ ಕೊಳವೆಯನ್ನೂ ಪೂರ್ತಿ ನಿರುಪದ್ರವಿ ಎನ್ನಲಾಗದು. ಹಿಂದೆ ಅದಕ್ಕೆ ನೀರು ಬರುವ ಕಡೆಯಲ್ಲಿ ಸೀಸದ ಕೊಳವೆ ಇದ್ದಿದ್ದರೆ ಒಳಗಿನ ತುಕ್ಕು ಆ ಸೀಸವನ್ನು ಹೀರಿಟ್ಟುಕೊಂಡು ವರ್ಷಗಟ್ಟಲೆ ಬಿಡುತ್ತಿರುತ್ತದೆ. ಶಿಕಾಗೋದಲ್ಲಿ ಮನೆ ಕೊಳ್ಳುವ ನಮ್ಮವರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. 1986ರಲ್ಲಿ ದೇಶವ್ಯಾಪಿ ನಿಷೇಧ ಬರುವ ತನಕ ಆ ನಗರದ ಕಟ್ಟಡ ನಿಯಮಗಳೇ ಸಂಪರ್ಕಕ್ಕೆ ಸೀಸದ ಕೊಳವೆಯನ್ನು ಕಡ್ಡಾಯ ಮಾಡಿದ್ದವು, ಅಂಥ ಕೊಳವೆಗಳು ಅಲ್ಲಿ ಸುಮಾರು 4 ಲಕ್ಷ ಇವೆ.

ತಾಮ್ರದ ಸ್ವಭಾವ ಬೇರೆ. ಅದು ಹೆಚ್ಚಾಗಿ ಕರಗಿದ ರೂಪದಲ್ಲಿಯೇ ಬರುತ್ತದೆ, ನೀರಿನ ಪಿಎಚ್ ಕಡಿಮೆಯಾದಷ್ಟೂ, ಅಂದರೆ ನೀರು ಹೆಚ್ಚು ಆಮ್ಲೀಯವಾದಷ್ಟೂ, ಹೆಚ್ಚು ಕರಗುತ್ತದೆ, ಮತ್ತು ಹಳೆಯ ಕೊಳವೆಗಿಂತ ಹೊಸ ಕೊಳವೆಯೇ ಹೆಚ್ಚು ತಾಮ್ರವನ್ನು ಬಿಡುತ್ತದೆ. ಬಚ್ಚಲಿನಲ್ಲಿ, ತೊಟ್ಟಿಯಲ್ಲಿ ನೀಲಿ-ಹಸಿರು ಕಲೆ ಕಾಣುವುದು, ಬಾಯಿಗೆ ಲೋಹದ ರುಚಿ ಬರುವುದು ಇದರ ಗುರುತುಗಳು. ಸೀಸಕ್ಕೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ತಾಮ್ರ ದೇಹಕ್ಕೆ ಬೇಕಾದ ಧಾತುವೇ ಆದರೂ ಪ್ರಮಾಣ ಮೀರಿದರೆ ವಾಕರಿಕೆ, ವಾಂತಿ, ಹೊಟ್ಟೆನೋವು ತರುತ್ತದೆ. ದೇಹದಲ್ಲಿ ತಾಮ್ರ ಕೂಡಿಕೊಳ್ಳುವ ವಿಲ್ಸನ್ ಕಾಯಿಲೆ ಇರುವವರಿಗೆ ಮತ್ತು ಹಸುಗೂಸುಗಳಿಗೆ ಅಪಾಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿ ಲೀಟರಿಗೆ 2 ಮಿಲಿಗ್ರಾಂ. ತಾಮ್ರಕ್ಕೆ ನಿಂತ ನೀರಿನ ಮೊದಲ ಲೀಟರೇ ಸಾಮಾನ್ಯವಾಗಿ ಸಾಕು. ಒಂದು ಎಚ್ಚರಿಕೆ ಮಾತ್ರ ಬೇಕು: ನಮ್ಮ ಮನೆಗಳಲ್ಲಿ ರಾತ್ರಿ ತಾಮ್ರದ ತಂಬಿಗೆಯಲ್ಲೋ ಬಿಂದಿಗೆಯಲ್ಲೋ ತುಂಬಿಟ್ಟ ನೀರನ್ನು ಬೆಳಿಗ್ಗೆ ಬಾಟಲಿಗೆ ಸುರಿದು ಪರೀಕ್ಷೆಗೆ ಕಳುಹಿಸಿದರೆ ಆ ವರದಿ ತಂಬಿಗೆಯದೇ ಹೊರತು ನಲ್ಲಿಯದಲ್ಲ.

ಬಾಟಲಿ ಪ್ರಯೋಗಾಲಯಕ್ಕೆ ಬಂದ ಮೇಲೆ ನಾವು ಮಾಡುವ ಮೊದಲ ಕೆಲಸ ನೈಟ್ರಿಕ್ ಆಮ್ಲ ಸೇರಿಸಿ ನೀರಿನ ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸುವುದು. ಸೀಸ ಬಾಟಲಿಯ ಗೋಡೆಗೆ ಅಂಟಿಕೊಳ್ಳುವ ಗುಣವುಳ್ಳದ್ದು. ಆಮ್ಲ ಅದನ್ನು ಬಿಡಿಸಿ ನೀರಿಗೆ ತರುತ್ತದೆ, ಸಣ್ಣ ಕಣಗಳನ್ನೂ ಕರಗಿಸುತ್ತದೆ. ಆದ್ದರಿಂದ ಆಮ್ಲವನ್ನು ಮೂಲ ಬಾಟಲಿಗೇ ಹಾಕಬೇಕು, ಅದರಿಂದ ಸ್ವಲ್ಪ ನೀರನ್ನು ಬೇರೆಡೆಗೆ ಸುರಿದುಕೊಂಡು ಅದಕ್ಕೆ ಹಾಕಬಾರದು. ಆಮ್ಲ ಹಾಕಿ ಕನಿಷ್ಠ 16 ಗಂಟೆ ಕಾದ ಮೇಲೆಯೇ ಅಳೆಯಬೇಕೆಂಬುದು ಇಪಿಎ ವಿಧಾನಗಳ ನಿಯಮ. ಮನೆಯವರು ಬಾಟಲಿಯನ್ನು ಆಮ್ಲವಿಲ್ಲದೆಯೇ ಕಳುಹಿಸಬಹುದು, 14 ದಿನಗಳೊಳಗೆ ಆಮ್ಲ ಬಿದ್ದರೆ ಸಾಕು. ನೀರಿನ ಕಲಕು 1 ಎನ್‌ಟಿಯು (ಕಲಕನ್ನು ಅಳೆಯುವ ಮಾನ) ಮೀರಿದ್ದರೆ ಆಮ್ಲದಲ್ಲಿ ಬಿಸಿಮಾಡಿ ಕಣಗಳನ್ನು ಪೂರ್ತಿ ಕರಗಿಸಿಕೊಂಡು ಅಳೆಯಬೇಕು. ನೀರನ್ನು ಮೊದಲೇ ಸೋಸಿಬಿಟ್ಟರೆ ಕರಗಿದ ಸೀಸ ಮಾತ್ರ ಲೆಕ್ಕಕ್ಕೆ ಬಂದು ಕಣಗಳೆಲ್ಲ ಸೋಸುಕಾಗದದ ಮೇಲೆ ಉಳಿಯುತ್ತವೆ; ಕಣಗಳ ಪಾಲು ಎಷ್ಟು ಎಂದು ಬೇರೆಯಾಗಿ ತಿಳಿಯಬೇಕಾದಾಗ ಮಾತ್ರ ನಾವು ಹಾಗೆ ಮಾಡುತ್ತೇವೆ.

ಇನ್ನು ಯಂತ್ರಗಳ ವಿಷಯ. ನಾನು ದಿನವೂ ನಡೆಸುವುದು ಐಸಿಪಿ-ಎಂಎಸ್ ಎಂಬ ಯಂತ್ರವನ್ನು. ಮಾದರಿಯ ನೀರನ್ನು ಮಂಜಿನಂತೆ ಸಿಂಪಡಿಸಿ, 6,000ದಿಂದ 10,000 ಕೆಲ್ವಿನ್‌ನಷ್ಟು ಬಿಸಿಯಿರುವ ಆರ್ಗಾನ್ ಪ್ಲಾಸ್ಮಾದೊಳಗೆ ಕಳುಹಿಸಿದಾಗ ಲೋಹದ ಪರಮಾಣುಗಳು ವಿದ್ಯುದಂಶ ಪಡೆದು ಅಯಾನುಗಳಾಗುತ್ತವೆ. ಅವುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸಲಾಗುತ್ತದೆ. ಸೀಸದ ಐಸೊಟೋಪುಗಳ, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಸೀಸದ ಪರಮಾಣುಗಳ, ಪಾಲು ಅದಿರಿನ ಗಣಿಯಿಂದ ಗಣಿಗೆ ಬೇರೆಯಾಗುವುದರಿಂದ 206, 207, 208 ಈ ಮೂರೂ ತೂಕಗಳ ಎಣಿಕೆಯನ್ನು ಕೂಡಿಸಿಕೊಳ್ಳಬೇಕು. ತಾಮ್ರವನ್ನು 63 ಅಥವಾ 65ರಲ್ಲಿ ಅಳೆಯುತ್ತೇವೆ. ನೀರಿನಲ್ಲಿ ಉಪ್ಪಿನ ಅಂಶ ಹೆಚ್ಚಿದ್ದರೆ ಆರ್ಗಾನ್ ಮತ್ತು ಸೋಡಿಯಂ ಸೇರಿ 63 ತೂಕದ ಸುಳ್ಳು ಸಂಕೇತ ಕೊಡುತ್ತವೆ. ಆಗ 65ರ ಅಂಕಿಯನ್ನು ನೋಡುವುದು ಕ್ಷೇಮ. ಸೀಸ ಒಂದು ಪಿಪಿಬಿಯ ಹತ್ತನೇ ಒಂದು ಭಾಗದಷ್ಟಿದ್ದರೂ ಈ ಯಂತ್ರ ಗುರುತಿಸಬಲ್ಲದು, ಮತ್ತು ಒಂದೇ ಓಟದಲ್ಲಿ ಹತ್ತಾರು ಧಾತುಗಳನ್ನು ಅಳೆಯುತ್ತದೆ.

ಗ್ರಾಫೈಟ್ ಕುಲುಮೆಯ ಪರಮಾಣು ಹೀರಿಕೆ ವಿಧಾನ ಇದಕ್ಕಿಂತ ಹಳೆಯದು, ನಿಧಾನವಾದದ್ದು, ಆದರೆ ಸೀಸಕ್ಕೆ ಪೂರ್ತಿ ನಂಬಿಕೆಗೆ ಅರ್ಹವಾದದ್ದು. ಸಣ್ಣ ಗ್ರಾಫೈಟ್ ನಳಿಕೆಯೊಳಗೆ ಒಂದು ಹನಿ ಮಾದರಿಯನ್ನಿಟ್ಟು, ಹಂತಹಂತವಾಗಿ ಕಾಯಿಸಿ, ನೀರನ್ನು ಆರಿಸಿ, ಬೇಡದ ಲವಣಗಳನ್ನು ಸುಟ್ಟು, ಕೊನೆಗೆ ಲೋಹವನ್ನು ಆವಿ ಮಾಡಿದಾಗ ಅದು 283.3 ನ್ಯಾನೋಮೀಟರ್ ತರಂಗದ ಬೆಳಕನ್ನು ಎಷ್ಟು ಹೀರಿತು ಎಂದು ನೋಡಲಾಗುತ್ತದೆ. ಇದೇ ತತ್ತ್ವದ ಜ್ವಾಲೆಯ ವಿಧಾನವೂ ಇದೆ. ಅದು ತಾಮ್ರಕ್ಕೆ ಸಾಕು, ಕುಡಿಯುವ ನೀರಿನ ಸೀಸಕ್ಕೆ ಸಾಲದು, ಏಕೆಂದರೆ ನಾವು ಹುಡುಕುತ್ತಿರುವ 5, 10 ಪಿಪಿಬಿಯ ಮಟ್ಟ ಅದರ ಕಣ್ಣಿಗೆ ಬೀಳುವುದಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಸ್ಥಳದಲ್ಲಿಯೇ ಅಳೆಯಬೇಕಾದಾಗ ಬಳಸುವುದು ವಿದ್ಯುತ್ ರಾಸಾಯನಿಕ ವಿಧಾನ. ಬಿಸಾಡಬಹುದಾದ ಪುಟ್ಟ ವಿದ್ಯುದ್ವಾರದ ಮೇಲೆ ಮೊದಲು ಸೀಸವನ್ನು ಲೇಪದಂತೆ ಕೂಡಿಸಿ, ಆಮೇಲೆ ವೋಲ್ಟೇಜನ್ನು ತಿರುಗುಮುರುಗು ಮಾಡಿ ಅದನ್ನು ಮತ್ತೆ ಕರಗಿಸುವಾಗ ಹರಿಯುವ ವಿದ್ಯುತ್ತಿನಿಂದ ಪ್ರಮಾಣವನ್ನು ತಿಳಿಯಲಾಗುತ್ತದೆ. ಇಪಿಎ ಒಪ್ಪಿರುವ ವಿಧಾನಗಳಲ್ಲಿ ಇದೂ ಒಂದು. ಕೈಯಲ್ಲಿ ಹಿಡಿದು ಒಯ್ಯಬಹುದಾದ ಈ ಮೀಟರುಗಳು ಕರಗಿದ ಸೀಸವನ್ನು ಮಾತ್ರ ನೋಡುತ್ತವಾದ್ದರಿಂದ ಮುಂಚೆ ಆಮ್ಲ ಹಾಕಿ ಕಾಯದಿದ್ದರೆ ಕಣಗಳು ತಪ್ಪಿಹೋಗುತ್ತವೆ. ತಾಮ್ರಕ್ಕೆ ಇಷ್ಟು ಪಾಡು ಬೇಕಿಲ್ಲ. ಬೈಸಿಂಕೋನಿನಿಕ್ ಆಮ್ಲದ ಪುಡಿ ಹಾಕಿದಾಗ ಬರುವ ನೇರಳೆ ಬಣ್ಣವನ್ನು ಒಂದು ಚಿಕ್ಕ ಬಣ್ಣಮಾಪಕದಲ್ಲಿ ನೋಡಿದರೆ ಲೀಟರಿಗೆ 1 ಮಿಲಿಗ್ರಾಂ ಆಸುಪಾಸಿನ ಮಟ್ಟ ಸಾಕಷ್ಟು ಸರಿಯಾಗಿ ಗೊತ್ತಾಗುತ್ತದೆ.

ಆನ್‌ಲೈನಿನಲ್ಲಿ ಮಾರುವ ಸೀಸದ ಪಟ್ಟಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಹಲವು ಪಟ್ಟಿಗಳು 15 ಪಿಪಿಬಿಯ ಮೇಲೋ ಕೆಳಗೋ ಎಂದಷ್ಟೇ ಹೇಳುತ್ತವೆ, ಅದೂ ಕರಗಿದ ಸೀಸಕ್ಕೆ ಮಾತ್ರ. ಪಟ್ಟಿಯಲ್ಲಿ ಗೆರೆ ಸರಿಯಾಗಿ ಮೂಡಿತೆಂದು ನೆಮ್ಮದಿಯಿಂದಿದ್ದ ಮನೆಯಲ್ಲಿ ಸೀಸ 12 ಇರಬಹುದು, ಅಥವಾ ಕಣಗಳ ರೂಪದಲ್ಲಿ 60 ಇರಬಹುದು. ಒರೆಸಿದರೆ ಕೆಂಪಾಗುವ ಕಡ್ಡಿಗಳು ಬಣ್ಣ ಬಳಿದ ಗೋಡೆಗೂ ಲೋಹದ ಮೇಲ್ಮೈಗೂ ಮಾಡಿದವು, ನೀರಿಗಲ್ಲ. ಇವೆಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಟಿಡಿಎಸ್ ಮೀಟರ್. ನಮ್ಮ ಊರುಗಳಲ್ಲಿ ಆರ್‌ಓ ಯಂತ್ರ ಮಾರಲು ಬಂದವರು ಈ ಮೀಟರನ್ನು ಲೋಟದಲ್ಲಿ ಅದ್ದಿ ತೋರಿಸುತ್ತಾರೆ. ಅದು ನೀರಿನ ವಿದ್ಯುತ್ ವಾಹಕತೆಯಿಂದ ಒಟ್ಟು ಕರಗಿದ ಲವಣಗಳನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಂದಾಜು ಮಾಡುತ್ತದೆ. ಅದರ ಪರದೆಯ ಮೇಲೆ ಅಂಕಿ 1 ಬದಲಾಗಬೇಕಾದರೆ ಲೀಟರಿಗೆ 1,000 ಮೈಕ್ರೋಗ್ರಾಂನಷ್ಟು ಲವಣ ಹೆಚ್ಚಬೇಕು. ಸೀಸದ ಮಿತಿ 10 ಮೈಕ್ರೋಗ್ರಾಂ. ಟಿಡಿಎಸ್ 50 ಇರುವ ಮೃದು ನೀರು ಟಿಡಿಎಸ್ 500 ಇರುವ ಗಡಸು ನೀರಿಗಿಂತ ಹೆಚ್ಚು ಸೀಸವನ್ನು ಕರಗಿಸಿಕೊಂಡಿರುವ ಸಾಧ್ಯತೆಯೂ ಇದೆ.

ಕರ್ನಾಟಕದಿಂದ ಕೇಳುವವರಿಗೆ ನಾನು ಹೇಳುವುದು ಸ್ವಲ್ಪ ಬೇರೆ. ಶಿಕಾಗೋದಲ್ಲಿ ಮೊದಲ ಅನುಮಾನ ರಸ್ತೆಯ ಕಡೆಯ ಕೊಳವೆಯ ಮೇಲೆ. ನಮ್ಮಲ್ಲಿ ಅದು ಹಿತ್ತಾಳೆಯ ನಲ್ಲಿ ಮತ್ತು ವಾಲ್ವುಗಳು, ಹಾಗೂ ಸೀಸದ ಸ್ಥಿರಕಾರಕ ಬೆರೆಸಿ ಮಾಡಿದ ಪಿವಿಸಿ ಕೊಳವೆಗಳ ಮೇಲೆ. ಹಿತ್ತಾಳೆಯನ್ನು ಕಡೆಯುವುದು ಸುಲಭವಾಗಲೆಂದು ಅದಕ್ಕೆ ಸೀಸ ಬೆರೆಸುವ ರೂಢಿ ಹಳೆಯದು. ಅಮೆರಿಕದಲ್ಲಿ ನೀರು ತಾಗುವ ಭಾಗಗಳಲ್ಲಿ ಅದು ಸರಾಸರಿ ಶೇಕಡಾ 0.25 ಮೀರಬಾರದೆಂಬ ನಿಯಮ 2014ರ ಜನವರಿಯಿಂದ ಜಾರಿಯಲ್ಲಿದೆ. ಪಿವಿಸಿ ಕೊಳವೆಗಳಲ್ಲಿ ಸೀಸದ ಬಳಕೆಯನ್ನು ನಿಯಂತ್ರಿಸುವ ನಿಯಮಗಳನ್ನು ನಮ್ಮ ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ಹೊರಡಿಸಿತು, ಆದರೆ ಅದಕ್ಕೆ ಮುಂಚೆ ಗೋಡೆಯೊಳಗೆ ಹೂತ ಕೊಳವೆಗಳು ಅಲ್ಲಿಯೇ ಇವೆ. ಬೆಂಗಳೂರಿನ ಮನೆಯಲ್ಲಿ ಕಾವೇರಿ ನೀರು ಸಂಪಿಗೆ ಬಂದು, ಅಲ್ಲಿಂದ ಮೇಲಿನ ಟ್ಯಾಂಕಿಗೇರಿ, ಬಳಿಕ ಅಡುಗೆಮನೆಗೆ ಇಳಿಯುತ್ತದೆ. ಆದ್ದರಿಂದ ಅಲ್ಲಿ ಮೂರು ಮಾದರಿಗಳನ್ನು ತೆಗೆದರೆ ವಿಷಯ ಸ್ಪಷ್ಟವಾಗುತ್ತದೆ: ರಾತ್ರಿ ನಿಂತ ನೀರಿನ ಮೊದಲ 250 ಮಿಲಿಲೀಟರ್, ಅದು ನಲ್ಲಿಯ ಗುಣವನ್ನು ಹೇಳುತ್ತದೆ, ಅದರ ಹಿಂದೆಯೇ ಒಂದು ಲೀಟರ್, ಅದು ಗೋಡೆಯೊಳಗಿನ ಕೊಳವೆಯದು, ಐದು ನಿಮಿಷ ಹರಿಸಿದ ಮೇಲೆ ಇನ್ನೊಂದು, ಅದು ಟ್ಯಾಂಕಿನದು. ಆರ್‌ಓ ಇದ್ದರೆ ಅದರ ಮುಂಚಿನ ನೀರನ್ನೇ ಮೊದಲು ಪರೀಕ್ಷಿಸಬೇಕು. ಅನ್ನಕ್ಕೆ, ಸಾರಿಗೆ ಅನೇಕರು ಬಳಸುವುದು ಆ ನೀರನ್ನೇ, ಮತ್ತು ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಪಿಪಿಬಿ, ಅದಕ್ಕೆ ಯಾವ ಸಡಿಲಿಕೆಯೂ ಇಲ್ಲ. ತಾಮ್ರಕ್ಕೆ 0.05 ಮಿಲಿಗ್ರಾಂ ಅಪೇಕ್ಷಿತ ಮಟ್ಟ, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ ಅನುಮತಿ. ಪ್ರಯೋಗಾಲಯಕ್ಕೆ ಬಾಟಲಿ ಕೊಡುವ ಮೊದಲು ಮೂರು ವಿಷಯ ಕೇಳಿ ತಿಳಿದುಕೊಳ್ಳಬೇಕು. ಸೀಸದ ಪರೀಕ್ಷೆಗೆ ಅವರಿಗೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ? ಯಾವ ಯಂತ್ರದಲ್ಲಿ ಅಳೆಯುತ್ತಾರೆ? ಅವರು ಖಚಿತವಾಗಿ ಅಳೆಯಬಲ್ಲ ಕನಿಷ್ಠ ಪ್ರಮಾಣ ಎಷ್ಟು? ಬಂಧುಗಳು ಕಳುಹಿಸುವ ವರದಿಗಳಲ್ಲಿ ಸೀಸದ ಮುಂದೆ "ಬಿಡಿಎಲ್", ಅಂದರೆ ಪತ್ತೆ ಮಿತಿಗಿಂತ ಕಡಿಮೆ ಎಂದು ಬರೆದಿರುವುದನ್ನು ನೋಡಿದ್ದೇನೆ. ಆ ಪ್ರಯೋಗಾಲಯದ ಪತ್ತೆ ಮಿತಿ 0.001 ಮಿಲಿಗ್ರಾಂ ಆಗಿದ್ದರೆ ಅದು ಒಳ್ಳೆಯ ಸುದ್ದಿ. ಜ್ವಾಲೆಯ ವಿಧಾನದಲ್ಲಿ ಅಳೆದು ಪತ್ತೆ ಮಿತಿ 0.05 ಆಗಿದ್ದರೆ, ನೀರಿನಲ್ಲಿ ಸೀಸ ಮಾನಕದ ನಾಲ್ಕು ಪಟ್ಟು ಇದ್ದರೂ ವರದಿಯಲ್ಲಿ ಬರುವುದು ಅದೇ ಮೂರಕ್ಷರ. ಪತ್ತೆ ಮಿತಿಯನ್ನು ನಮೂದಿಸದ ವರದಿಯನ್ನು ಒಪ್ಪಿಕೊಳ್ಳದೆ, ಅದನ್ನು ಬರೆದುಕೊಡಿ ಎಂದು ಕೇಳುವುದು ಹಣ ಕೊಟ್ಟವರ ಹಕ್ಕು.

ಸೀಸದ ಅಂಕಿ 10 ಮೀರಿ ಬಂದಾಗ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅಥವಾ ಗರ್ಭಿಣಿಯರಿದ್ದರೆ, ರಕ್ತದ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು ಸರಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಕಟ್ಟಿ ಬೆಳೆಸಿದ ಸೀಸ ವಿಷದ ರಾಷ್ಟ್ರೀಯ ಕೇಂದ್ರದ ಕೆಲಸದಿಂದಾಗಿ ನಮ್ಮ ನಾಡಿನಲ್ಲಿ ಈ ವಿಷಯದ ಅರಿವು ಹೊಸದೇನಲ್ಲ. ಸೀಸ ನೀರಿನಿಂದಲೇ ಬಂದಿರಬೇಕೆಂದೂ ಇಲ್ಲ. ಗೋಡೆಯ ಹಳೆಯ ಬಣ್ಣ, ಕಲಬೆರಕೆಯ ಅರಿಶಿನ, ಸೀಸ ಬೆರೆತ ತವರದಿಂದ ಹಾಕಿದ ಕಲಾಯಿ, ಇವನ್ನೂ ವಿಚಾರಿಸಬೇಕಾಗುತ್ತದೆ. ನೀರಿನ ಮಟ್ಟಿಗೆ, ಗಾಬರಿಯಿಂದ ಎಲ್ಲವನ್ನೂ ಕೀಳಿಸುವ ಮೊದಲು ಅದೇ ನಲ್ಲಿಯಿಂದ ಅದೇ ಕ್ರಮದಲ್ಲಿ ಇನ್ನೊಮ್ಮೆ ಮಾದರಿ ತೆಗೆಯಿರಿ, ಸಾಧ್ಯವಾದರೆ ಬೇಸಿಗೆಯಲ್ಲಿ, ಏಕೆಂದರೆ ನೀರು ಬೆಚ್ಚಗಿದ್ದಾಗ ಸೀಸ ಹೆಚ್ಚು ಕರಗುತ್ತದೆ. ಎರಡನೆಯ ಸಲವೂ ಮೊದಲ 250 ಮಿಲಿಲೀಟರಿನಲ್ಲಿ ಮಾತ್ರ ಸೀಸ ಹೆಚ್ಚಿದ್ದು ಉಳಿದೆರಡರಲ್ಲಿ ಇಲ್ಲದಿದ್ದರೆ ಬದಲಿಸಬೇಕಾದದ್ದು ಅಡುಗೆಮನೆಯ ನಲ್ಲಿಯೊಂದನ್ನೇ. ಹೊಸ ನಲ್ಲಿಯೂ ಮೊದಲ ಕೆಲವು ವಾರ ಸ್ವಲ್ಪ ಲೋಹ ಬಿಡುವುದುಂಟು. ಅಲ್ಲಿಯವರೆಗೆ ಬೆಳಗಿನ ಮೊದಲ ನೀರನ್ನು ಗಿಡಕ್ಕೋ ನೆಲ ಒರೆಸಲಿಕ್ಕೋ ಬಳಸಿ, ಆಮೇಲೆ ಮತ್ತೆ ಅದೇ ಮೂರು ಬಾಟಲಿಗಳನ್ನು ತುಂಬಿಸಿ ಕಳುಹಿಸಬೇಕು.